ಗಣಕಯಂತ್ರದ ಹೆಬ್ಬಾಗಿಲು

ಠಾಣೆಯ ಮಾಜಿವಾಡೆಯಿಂದ ಹೊರಟು ಮಾನಪಾಡ, ಪಾತಲೀಪಾಡ, ವಾಘಬೀಳ, ಕಾಸಾರವಡವಲಿ, ಗಾಯಮುಖಗಳನ್ನು ದಾಟಿ ಹೋಗುವ ಹೆದ್ದಾರಿಗೆ ಘೋಡಬಂದರ್ ರಸ್ತೆಯೆಂದು ಹೆಸರು. ಅದರ ಒಂದು ಪಕ್ಕದಲ್ಲಿ ಯೇವೂರಿನ ಕಾಡುಗುಡ್ಡಗಳು. ಇನ್ನೊಂದು ಪಕ್ಕದಲ್ಲಿ ಉಲ್ಹಾಸ ನದಿಯ ಖಾಡಿ. ರಸ್ತೆಗೆ ಹೆಸರನ್ನು ಕೊಟ್ಟ ಘೋಡಬಂದರ್ ಗ್ರಾಮದಲ್ಲಿ, ಖಾಡಿಯ ಬದಿಯ ದಿಬ್ಬದ ಮೇಲೆ, ಪೋರ್ಚುಗೀಸರ ಕಾಲದ ಕೋಟೆಯೊಂದು ಇಂದಿಗೂ ನಿಂತಿದೆ. 1737ರಲ್ಲಿ ಅದು ಮರಾಠರ ವಶವಾಯಿತು. ಜಲಮಾರ್ಗವಾಗಿ ಬಂದುಹೋಗುವವರ ಮೇಲೆ ಕಣ್ಣಿಡುವುದೇ ಅಂತಹ ಕೋಟೆಗಳ ಕೆಲಸವಾಗಿತ್ತು.

ಕೋಟೆಗಳ ಕಾಲವು ಕಳೆದುಹೋಯಿತು. ಆದರೆ ಬಾಗಿಲು ಕಾಯುವ ಕೆಲಸವು ನಿಂತಿಲ್ಲ. ಇದೇ ರಸ್ತೆಯ ಇಕ್ಕೆಲಗಳಲ್ಲಿ ಈಗ ಎದ್ದುನಿಂತಿರುವ ವಸತಿ ಸಂಕೀರ್ಣಗಳನ್ನು ನೋಡಿರಿ. ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಬಂದವರ ಹೆಸರನ್ನು ಕೇಳುತ್ತಾನೆ. ಕಟ್ಟಡದ ಕೆಳಗೆ, ಲಿಫ್ಟಿನ ಬಳಿಯಲ್ಲಿ, ಇನ್ನೊಬ್ಬನು ಕುಳಿತಿರುತ್ತಾನೆ. ಮನೆಯ ಬಾಗಿಲಿಗೆ ಚಿಲಕವುಂಟು. ಒಳಗೆ ಕಬ್ಬಿಣದ ಕಪಾಟಿಗೆ ಬೀಗವುಂಟು. ಒಂದೊಂದು ಬಾಗಿಲೂ ತನ್ನನ್ನು ಹಾಯ್ದು ಹೋಗುವವರನ್ನು ಮಾತ್ರ ತಡೆಯಬಲ್ಲದು. ಬೇರೆ ದಾರಿಯಿಂದ ಬಂದವನನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಆದುದರಿಂದಲೇ ಬಲ್ಲವರು ಒಂದೇ ಬಾಗಿಲನ್ನು ನಂಬಿ ಕುಳಿತುಕೊಳ್ಳುವುದಿಲ್ಲ.

ಗಣಕಯಂತ್ರಕ್ಕೂ, ಎಂದರೆ ನಾವು ದಿನನಿತ್ಯ ಕಂಪ್ಯೂಟರ್ ಎಂದು ಕರೆಯುವ ಯಂತ್ರಕ್ಕೂ, ಇಂತಹ ಬಾಗಿಲುಗಳು ಹಲವಿವೆ. ಪಾಸ್‌ವರ್ಡು ಎಂದೊಡನೆ ನಮಗೆ ನೆನಪಾಗುವುದು ಯಂತ್ರವು ಪೂರ್ಣವಾಗಿ ಸಿದ್ಧವಾದ ಬಳಿಕ ನಮ್ಮ ಹೆಸರನ್ನು ಕೇಳುವ ಪುಟ. ಆದರೆ ಅದಕ್ಕಿಂತ ಮೊದಲೇ ತೆರೆದುಕೊಳ್ಳುವ ಬಾಗಿಲೊಂದುಂಟು. ಅದೇ 'ಬೂಟ್ ಮೆನು'. ಅದು ಏನು, ಅದನ್ನು ಏಕೆ ಕಾಯಬೇಕು, ಹೇಗೆ ಕಾಯಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಪಾಸ್‌ವರ್ಡಿನ ಹುಟ್ಟು

ಮೊದಮೊದಲಿನ ಗಣಕಯಂತ್ರಗಳಿಗೆ ಪಾಸ್‌ವರ್ಡು ಬೇಕಾಗಿರಲಿಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ 1960ರಲ್ಲಿ ಸಿದ್ಧವಾದ 'ಟಿಫ್ರಾಕ್' ಎಂಬ ಯಂತ್ರವು ನಮ್ಮ ದೇಶದಲ್ಲಿಯೇ ರೂಪುಗೊಂಡ ಗಣಕಯಂತ್ರಗಳಲ್ಲಿ ಮೊದಲಿನವುಗಳ ಸಾಲಿಗೆ ಸೇರಿದ್ದು. ಆ ಕಾಲದ ಯಂತ್ರಗಳು ಒಂದು ದೊಡ್ಡ ಕೋಣೆಯನ್ನೇ ತುಂಬಿಕೊಳ್ಳುತ್ತಿದ್ದವು. ಒಬ್ಬರ ಕೆಲಸ ಮುಗಿದ ಮೇಲೆ ಇನ್ನೊಬ್ಬರ ಕೆಲಸ. ಕೋಣೆಯ ಬಾಗಿಲಿನ ಬೀಗವೇ ಯಂತ್ರದ ಬೀಗವೂ ಆಗಿದ್ದಿತು.

ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಹಂಚಿಕೊಳ್ಳುವ ಪದ್ಧತಿಯು ಬಂದಾಗ ಹೊಸ ಪ್ರಶ್ನೆಯು ಹುಟ್ಟಿತು: ಒಬ್ಬನ ಬರಹವನ್ನು ಇನ್ನೊಬ್ಬನು ನೋಡದಂತೆ ಮಾಡುವುದು ಹೇಗೆ? ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ 1961ರಲ್ಲಿ ಇಂತಹ ಒಂದು ವ್ಯವಸ್ಥೆಯನ್ನು ನಡೆಸಿ ತೋರಿಸಿದರು. ಒಬ್ಬೊಬ್ಬರಿಗೆ ಒಂದೊಂದು ಗುಟ್ಟಿನ ಪದವನ್ನು ಕೊಡುವ ಪದ್ಧತಿಯು ಆ ವ್ಯವಸ್ಥೆಯೊಡನೆ ಬಂದಿತು. ಅದು ಬಹುಕಾಲ ಗುಟ್ಟಾಗಿ ಉಳಿಯಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಅಲ್ಲಿಯ ಸಂಶೋಧಕರಾದ ಆಲನ್ ಶೆರ್ ಅವರಿಗೆ ವಾರಕ್ಕೆ ನಿಗದಿಯಾಗಿದ್ದ ಸಮಯ ಸಾಲದಾಯಿತು. 1962ರಲ್ಲಿ ಅವರು ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನು ಯಂತ್ರದಿಂದಲೇ ಮುದ್ರಿಸಿಕೊಂಡರು. ಪಾಸ್‌ವರ್ಡುಗಳನ್ನು ಇದ್ದುದು ಇದ್ದಂತೆಯೇ ಬರೆದಿಟ್ಟುದೇ ಇದಕ್ಕೆ ಕಾರಣ.

ಈ ವೃತ್ತಾಂತದಿಂದ ಎರಡು ಮಾತುಗಳನ್ನು ನಾವು ನೆನಪಿಡಬೇಕು. ಪಾಸ್‌ವರ್ಡು ಹುಟ್ಟಿದ್ದು ಹಂಚಿಕೊಂಡು ಬಾಳುವ ಅಗತ್ಯದಿಂದ. ಪಾಸ್‌ವರ್ಡನ್ನು ಇಡುವುದು ಎಷ್ಟು ಮುಖ್ಯವೋ, ಅದನ್ನು ಎಲ್ಲಿ, ಯಾವ ರೂಪದಲ್ಲಿ ಇಡುತ್ತೇವೆ ಎಂಬುದೂ ಅಷ್ಟೇ ಮುಖ್ಯ.

ಯಂತ್ರವು ಎಚ್ಚರಗೊಳ್ಳುವ ಬಗೆ

ಸ್ವಿಚ್ಚನ್ನು ಒತ್ತಿದೊಡನೆ ಗಣಕಯಂತ್ರವು ಕೆಲಸಕ್ಕೆ ಸಿದ್ಧವಾಗುವುದಿಲ್ಲ. ಅದರ ಮುಖ್ಯ ಫಲಕದ ಮೇಲೆ ಒಂದು ಚಿಕ್ಕ ಚಿಪ್ಪು ಇರುವುದು. ಯಂತ್ರಕ್ಕೆ ಅತ್ಯಾವಶ್ಯಕವಾದ ಮೊದಲ ಪಾಠಗಳು ಅದರಲ್ಲಿ ಅಚ್ಚಾಗಿರುತ್ತವೆ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯೋಸ್ ಎಂದು ಹೆಸರು. ಈಚಿನ ಯಂತ್ರಗಳಲ್ಲಿ ಯು.ಇ.ಎಫ್.ಐ. ಎಂದು ಹೆಸರು. ಇದು ಮೊದಲು ಸ್ಮೃತಿ, ಕೀಲಿಮಣೆ, ಪರದೆ ಮುಂತಾದ ಅಂಗಗಳು ಸರಿಯಾಗಿವೆಯೇ ಎಂದು ಪರೀಕ್ಷಿಸುವುದು. ಅನಂತರ ತಟ್ಟೆಯಲ್ಲಿ, ಎಂದರೆ ಹಾರ್ಡ್ ಡಿಸ್ಕಿನಲ್ಲಿ, ಇರುವ 'ಬೂಟ್ ಲೋಡರ್' ಎಂಬ ಸಣ್ಣ ಕಾರ್ಯಕ್ರಮವನ್ನು ಹುಡುಕಿ ಅದಕ್ಕೆ ಅಧಿಕಾರವನ್ನು ಒಪ್ಪಿಸುವುದು. ಬೂಟ್ ಲೋಡರ್ ಯಂತ್ರದ ಆಡಳಿತ ವ್ಯವಸ್ಥೆಯನ್ನು ಸ್ಮೃತಿಗೆ ತಂದು ನಿಲ್ಲಿಸುವುದು. ಕೊನೆಗೆ ನಮ್ಮ ಹೆಸರನ್ನೂ ಪಾಸ್‌ವರ್ಡನ್ನೂ ಕೇಳುವ ಪುಟವು ಮೂಡುವುದು.

'ಬೂಟ್' ಎಂಬ ಶಬ್ದವು ಕಾಲಿನ ಬೂಟಿನಿಂದಲೇ ಬಂದಿದೆ. ಬೂಟಿನ ಹಿಂಬದಿಯ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವುದು ಎಂಬ ಹಾಸ್ಯದ ಮಾತೊಂದು ಇಂಗ್ಲಿಷಿನಲ್ಲಿದೆ. ಸಣ್ಣ ಕಾರ್ಯಕ್ರಮವೊಂದು ದೊಡ್ಡದನ್ನು ಎಬ್ಬಿಸಿ, ಯಂತ್ರವು ಹೊರಗಿನ ನೆರವಿಲ್ಲದೆ ತಾನಾಗಿ ಎದ್ದುನಿಲ್ಲುವ ಈ ಕ್ರಿಯೆಗೆ 1950ರ ದಶಕದಲ್ಲಿ ಆ ಮಾತನ್ನು ಅನ್ವಯಿಸಿದರು. ಕಾಲಕ್ರಮದಲ್ಲಿ ಅದು 'ಬೂಟ್' ಎಂದು ಚಿಕ್ಕದಾಯಿತು.

ಒಂದೇ ಯಂತ್ರದಲ್ಲಿ ಲಿನಕ್ಸ್ ಮತ್ತು ವಿಂಡೋಸ್ ಎರಡೂ ಇದ್ದರೆ, ಯಾವುದನ್ನು ಎಬ್ಬಿಸಬೇಕೆಂದು ಬೂಟ್ ಲೋಡರ್ ಒಂದು ಪಟ್ಟಿಯನ್ನು ತೋರಿಸಿ ಕೇಳುವುದು. ಈ ಪಟ್ಟಿಯೇ ಬೂಟ್ ಮೆನು. ಲಿನಕ್ಸ್ ಯಂತ್ರಗಳಲ್ಲಿ ಬಹಳ ಪ್ರಚಾರದಲ್ಲಿರುವ ಬೂಟ್ ಲೋಡರಿಗೆ 'ಗ್ರಬ್' ಎಂದು ಹೆಸರು. 1995ರಲ್ಲಿ ಎರಿಕ್ ಬೋಲಿನ್ ಎಂಬವರು ಇದನ್ನು ಆರಂಭಿಸಿದರು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯು 2007ರಲ್ಲಿ ಹೊರತಂದ, ಕನ್ನಡವನ್ನೂ ಬಲ್ಲ 'ಬಾಸ್' ಎಂಬುದು ಲಿನಕ್ಸ್ ವ್ಯವಸ್ಥೆಯೇ. ಕೇರಳದ ಸರಕಾರಿ ಶಾಲೆಗಳಲ್ಲಿ 'ಕೈಟ್' ಸಂಸ್ಥೆಯ ಮೂಲಕ ಲಿನಕ್ಸ್ ಬಳಕೆಯಲ್ಲಿದೆ. ಹೀಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದರಲ್ಲಿಯೇ ಪಾಠ ಕಲಿಯುತ್ತಾರೆ. ಆದುದರಿಂದ ಗ್ರಬ್ಬನ್ನೇ ನಮ್ಮ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೆನುವಿನಲ್ಲಿರುವ ಕಿಂಡಿ

ಗ್ರಬ್ಬಿನ ಮೆನು ನೋಡಲು ಬಹು ಸಾಧು. ನಾಲ್ಕಾರು ಸಾಲುಗಳು, ಬಾಣದ ಗುಂಡಿಯಿಂದ ಒಂದನ್ನು ಆರಿಸಿದರೆ ಆಯಿತು. ಆದರೆ ಅಲ್ಲಿ ಇಂಗ್ಲಿಷಿನ 'ಇ' ಅಕ್ಷರದ ಗುಂಡಿಯನ್ನು ಒತ್ತಿದರೆ, ಆ ಸಾಲಿನ ಹಿಂದಿರುವ ಆಜ್ಞೆಗಳೆಲ್ಲ ಪರದೆಯ ಮೇಲೆ ತೆರೆದುಕೊಳ್ಳುವುವು. ಅವುಗಳನ್ನು ತಿದ್ದಲೂ ಬರುವುದು. 'ಸಿ' ಅಕ್ಷರವನ್ನು ಒತ್ತಿದರೆ ಹೊಸ ಆಜ್ಞೆಗಳನ್ನೇ ಕೊಡಬಹುದು. ಯಂತ್ರವು ಕೆಟ್ಟುನಿಂತಾಗ ಸರಿಪಡಿಸಲು ಬೇಕೆಂದು ಇಟ್ಟ ಅನುಕೂಲವಿದು. ಆದರೆ ಬಲ್ಲವನೊಬ್ಬನು ಆ ಆಜ್ಞೆಗಳ ತುದಿಗೆ ಒಂದೆರಡು ಮಾತುಗಳನ್ನು ಸೇರಿಸಿದರೆ, ಯಂತ್ರವು ಯಾರ ಹೆಸರನ್ನೂ ಕೇಳದೆ, ಯಾವ ಪಾಸ್‌ವರ್ಡನ್ನೂ ಕೇಳದೆ, ಅವನನ್ನು ಸರ್ವಾಧಿಕಾರಿಯನ್ನಾಗಿ ಒಪ್ಪಿಕೊಂಡು ಎದ್ದುನಿಲ್ಲುವುದು. ಉಬುಂಟುವಿನಂತಹ ವ್ಯವಸ್ಥೆಗಳಲ್ಲಿ ಮೆನುವಿನ ಒಳಪಟ್ಟಿಯಲ್ಲಿ 'ರಿಕವರಿ ಮೋಡ್' ಎಂಬ ಸಾಲೊಂದಿರುವುದು. ಅದನ್ನು ಆರಿಸಿದವನಿಗೂ ಸಾಮಾನ್ಯವಾಗಿ ಇದೇ ಅಧಿಕಾರವು ದೊರೆಯುವುದು.

ಸರ್ವಾಧಿಕಾರಿಯಾದವನು ಬೇರೆಯವರ ಪಾಸ್‌ವರ್ಡುಗಳನ್ನು ಬದಲಿಸಬಲ್ಲನು. ಅವರ ಕಡತಗಳನ್ನು ಓದಬಲ್ಲನು, ಅಳಿಸಬಲ್ಲನು. ಶಾಲೆಯ ಒಂದೇ ಯಂತ್ರದಲ್ಲಿ ಹತ್ತಾರು ವಿದ್ಯಾರ್ಥಿಗಳ ಬರಹವಿರುವುದು. ವಿಜ್ಞಾನ ಪ್ರದರ್ಶನಕ್ಕೆಂದು ಒಬ್ಬಳು ತಿಂಗಳುಗಟ್ಟಲೆ ಕೂಡಿಸಿಟ್ಟ ಟಿಪ್ಪಣಿಯೂ ಅದರಲ್ಲಿಯೇ, ಅಧ್ಯಾಪಕರು ಬರೆದಿಟ್ಟ ಅಂಕಗಳೂ ಅದರಲ್ಲಿಯೇ. ಮನೆಯ ಯಂತ್ರದಲ್ಲಿ ತಂದೆಯ ಹೋಟೆಲಿನ ಲೆಕ್ಕ, ಅಜ್ಜನ ಪಿಂಚಣಿಯ ಕಾಗದ, ತಾಯಿಯ ಬ್ಯಾಂಕಿನ ವಿವರಗಳಿರುವುವು. ಪ್ರತಿಯೊಬ್ಬರೂ ತಮ್ಮ ತಮ್ಮ ಪಾಸ್‌ವರ್ಡನ್ನು ಎಷ್ಟೇ ಎಚ್ಚರದಿಂದ ಕಾಪಾಡಿಕೊಂಡರೂ, ಅದಕ್ಕಿಂತ ಮುಂದಿನ ಬಾಗಿಲು ತೆರೆದೇ ಇದ್ದರೆ ಆ ಎಚ್ಚರವೆಲ್ಲ ವ್ಯರ್ಥ.

ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ವಿಷಯವನ್ನು ನಮ್ಮಲ್ಲಿ ಕೇಳದವರು ಯಾರು? ಹೈದರಾಲಿಯ ಸೈನಿಕರು ಆ ಕೋಟೆಯನ್ನು ಮುತ್ತಿದಾಗ ಹೆಬ್ಬಾಗಿಲನ್ನು ಮುರಿಯಲಾರದೆ, ಬಂಡೆಗಳ ನಡುವಿನ ಕಿಂಡಿಯೊಂದರಿಂದ ಒಬ್ಬೊಬ್ಬರಾಗಿ ನುಸುಳಲು ಯತ್ನಿಸಿದರೆಂದೂ, ಕಾವಲುಗಾರನ ಮಡದಿ ಓಬವ್ವನು ಒನಕೆಯಿಂದ ಅವರನ್ನು ಹೊಡೆದುರುಳಿಸಿದಳೆಂದೂ ಐತಿಹ್ಯವುಂಟು. ಗ್ರಬ್ಬಿನ 'ಇ' ಗುಂಡಿಯು ಅಂತಹ ಕಿಂಡಿ. ಅಲ್ಲಿ ನಿಲ್ಲಿಸಬೇಕಾದ ಕಾವಲೇ ಬೂಟ್ ಮೆನುವಿನ ಪಾಸ್‌ವರ್ಡು.

ಬೀಗ ಹಾಕುವ ಕ್ರಮ

ಈ ಕೆಲಸವನ್ನು ಯಂತ್ರದ ಆಡಳಿತವನ್ನು ನೋಡಿಕೊಳ್ಳುವ ಅಧ್ಯಾಪಕರೋ ಮನೆಯ ಹಿರಿಯರೋ ಮಾಡತಕ್ಕದ್ದು. ವಿದ್ಯಾರ್ಥಿಗಳು ಪಕ್ಕದಲ್ಲಿದ್ದು ಕ್ರಮವನ್ನು ಅರಿತುಕೊಳ್ಳಬಹುದು. ಕೆಲಸಕ್ಕೆ ಮೊದಲು ಮುಖ್ಯವಾದ ಕಡತಗಳ ಪ್ರತಿಯನ್ನು ಬೇರೆಡೆಯಲ್ಲಿ ತೆಗೆದಿಡಬೇಕು. ಒಂದು ಅಕ್ಷರ ತಪ್ಪಿದರೂ ಯಂತ್ರವು ಏಳದೆ ಹೋಗಬಹುದು.

ಮೊದಲನೆಯದಾಗಿ, ಪಾಸ್‌ವರ್ಡನ್ನು ಇದ್ದಂತೆಯೇ ಬರೆಯದೆ ಗುಟ್ಟಿನ ರೂಪಕ್ಕೆ ತಿರುಗಿಸಬೇಕು. ಇದಕ್ಕಾಗಿ ಗ್ರಬ್ಬಿನ ಜೊತೆಯಲ್ಲಿಯೇ ಒಂದು ಸಣ್ಣ ಕಾರ್ಯಕ್ರಮವು ಬರುವುದು. ಅದು ಪಾಸ್‌ವರ್ಡನ್ನು ಎರಡು ಸಲ ಕೇಳಿ, ಅದಕ್ಕೆ ಬದಲಾಗಿ ಅಂಕಿಗಳೂ ಅಕ್ಷರಗಳೂ ಬೆರೆತ ಒಂದು ಉದ್ದನೆಯ ಸಾಲನ್ನು ಕೊಡುವುದು.

ಎರಡನೆಯದಾಗಿ, ಗ್ರಬ್ಬಿನ ಸೂಚನೆಗಳಿರುವ ಕೋಶದಲ್ಲಿ '40_ಕಸ್ಟಮ್' ಎಂಬ ಕಡತವನ್ನು ತೆರೆದು, ಅದರಲ್ಲಿ ಎರಡು ಸಾಲುಗಳನ್ನು ಬರೆಯಬೇಕು. ಒಂದರಲ್ಲಿ ಮೆನುವಿನ ಅಧಿಕಾರಿಯ ಹೆಸರು. ಇನ್ನೊಂದರಲ್ಲಿ ಆ ಹೆಸರಿನ ಮುಂದೆ ಮೇಲೆ ಹೇಳಿದ ಉದ್ದನೆಯ ಸಾಲು. ಈ ಹೆಸರು ಗ್ರಬ್ಬಿಗೆ ಮಾತ್ರ ಸಂಬಂಧಪಟ್ಟದ್ದು. ಲಿನಕ್ಸಿನೊಳಗೆ ಪ್ರವೇಶಿಸುವವರ ಹೆಸರೇ ಆಗಬೇಕೆಂದಿಲ್ಲ. ಈ ಕಡತವನ್ನು ಆಡಳಿತಗಾರರ ಹೊರತು ಬೇರಾರೂ ಓದದಂತೆ ಮಾಡುವುದು ಲೇಸು.

ಮೂರನೆಯದಾಗಿ, ಮೆನುವನ್ನು ಹೊಸದಾಗಿ ಕಟ್ಟುವ ಆಜ್ಞೆಯನ್ನು ಕೊಡಬೇಕು. ಯಂತ್ರವು ನಿಜವಾಗಿ ಓದುವ ಮೆನು ಕಡತವು ಬೇರೆಯೇ ಇದ್ದು, ಅದು ಈ ಸೂಚನೆಗಳಿಂದ ತಯಾರಾಗುವುದು. ಅದನ್ನು ನೇರವಾಗಿ ತಿದ್ದಿದರೆ, ಮುಂದೆ ಮೆನುವನ್ನು ಕಟ್ಟಿದಾಗ ನಮ್ಮ ತಿದ್ದುಪಡಿಯು ಅಳಿಸಿಹೋಗುವುದು. ಬೇರನ್ನು ಬಿಟ್ಟು ಎಲೆಗೆ ನೀರೆರೆದಂತೆ.

ಬೀಗವು ಬಾಳಿಗೆ ಅಡ್ಡಿಯಾಗಬಾರದು

ಇಲ್ಲಿಗೆ ಕೆಲಸವು ಮುಗಿಯಿತೆಂದು ತಿಳಿದರೆ ಮರುದಿನ ಬೆಳಗ್ಗೆ ತೊಂದರೆಯು ಕಾದಿರುವುದು. ಗ್ರಬ್ಬಿನ ಈಗಿನ ಆವೃತ್ತಿಗಳಲ್ಲಿ ಅಧಿಕಾರಿಯ ಹೆಸರನ್ನು ಗೊತ್ತುಮಾಡಿದೊಡನೆ ಮೆನುವಿನ ಎಲ್ಲ ಸಾಲುಗಳಿಗೂ ಬೀಗ ಬೀಳುವುದು. ತಿದ್ದಲು ಮಾತ್ರವಲ್ಲ, ಯಂತ್ರವನ್ನು ಮಾಮೂಲಿನಂತೆ ಎಬ್ಬಿಸಲೂ ಪಾಸ್‌ವರ್ಡು ಬೇಕಾಗುವುದು. ಹಾಗಾದರೆ ಪ್ರತಿಯೊಂದು ತರಗತಿಗೂ ಅಧ್ಯಾಪಕರು ಓಡಿಬಂದು ಬೀಗ ತೆಗೆಯಬೇಕು; ಇಲ್ಲವೆ ಪಾಸ್‌ವರ್ಡನ್ನು ಎಲ್ಲರಿಗೂ ಹೇಳಿಬಿಡಬೇಕು. ಎಲ್ಲರಿಗೂ ಹೇಳಿದ ಗುಟ್ಟು ಗುಟ್ಟಲ್ಲ.

ಸೊಸೈಟಿಯ ವಾಚ್‌ಮನ್ ಅಲ್ಲಿಯೇ ವಾಸಿಸುವವರನ್ನು ದಿನಕ್ಕೆ ನಾಲ್ಕು ಸಲ ತಡೆದು ಹೆಸರು ಕೇಳಿದರೆ, ನಾಲ್ಕನೆಯ ದಿನಕ್ಕೆ ಜನರು ಗೇಟನ್ನು ತೆರೆದೇ ಇಡಲು ಹೇಳುವರು. ಒಳ್ಳೆಯ ಕಾವಲು ನಿತ್ಯದ ದಾರಿಯನ್ನು ಬಿಟ್ಟುಕೊಟ್ಟು, ಅಪಾಯದ ದಾರಿಯಲ್ಲಿ ನಿಲ್ಲುವುದು. ಇದಕ್ಕಾಗಿ ಗ್ರಬ್ಬಿನಲ್ಲಿ 'ಅನ್‌ರಿಸ್ಟ್ರಿಕ್ಟೆಡ್', ಎಂದರೆ ನಿರ್ಬಂಧವಿಲ್ಲದ್ದು, ಎಂಬ ಗುರುತಿದೆ. ಲಿನಕ್ಸ್ ಸಾಲುಗಳನ್ನು ತಯಾರಿಸುವ ಸೂಚನೆಯಲ್ಲಿ ಈ ಗುರುತನ್ನು ಸೇರಿಸಿದರೆ, ಯಾರು ಬೇಕಾದರೂ ಯಂತ್ರವನ್ನು ಎಬ್ಬಿಸಬಹುದು. ತಿದ್ದಲು ಹೋದವನಿಗೆ ಮಾತ್ರ ಪಾಸ್‌ವರ್ಡಿನ ಪ್ರಶ್ನೆಯು ಎದುರಾಗುವುದು.

ಇದರಲ್ಲಿ ಇನ್ನೊಂದು ಸೂಕ್ಷ್ಮವುಂಟು. ಹಾಗೆ ಗುರುತು ಹಾಕಿದಾಗ ಅದು ರಿಕವರಿ ಮೋಡಿನ ಸಾಲಿಗೂ ತಗಲುವುದು; ಮುಚ್ಚಬೇಕೆಂದು ಹೊರಟ ಕಿಂಡಿಯು ಪುನಃ ತೆರೆದುಕೊಳ್ಳುವುದು. ಆದುದರಿಂದ ರಿಕವರಿ ಸಾಲನ್ನು ಮೆನುವಿನಿಂದಲೇ ತೆಗೆದುಹಾಕುವ ಸೂಚನೆಯನ್ನೂ ಬರೆಯಬೇಕು. ಗ್ರಬ್ಬಿನ ಹೊಸ ಆವೃತ್ತಿಯು ಬಂದಾಗ ನಮ್ಮ ತಿದ್ದುಪಡಿಗಳು ಉಳಿದಿವೆಯೇ ಎಂದು ಮತ್ತೆ ನೋಡಬೇಕು. ಬೀಗ ಹಾಕಿದ ಮೇಲೆ ಒಮ್ಮೆ ಎಳೆದು ನೋಡುವುದು ಎಲ್ಲ ಮನೆಗಳಲ್ಲಿಯೂ ಇರುವ ರೂಢಿಯಷ್ಟೆ. ಇಲ್ಲಿಯೂ ಹಾಗೆಯೇ: ಯಂತ್ರವನ್ನು ಮರಳಿ ಎಬ್ಬಿಸಿ, 'ಇ' ಗುಂಡಿಯನ್ನು ಒತ್ತಿ, ಅದು ಪಾಸ್‌ವರ್ಡನ್ನು ಕೇಳುತ್ತದೆಯೇ ಎಂದು ಪರೀಕ್ಷಿಸಬೇಕು.

ಹಿಟ್ಟಿನಿಂದ ಅಕ್ಕಿ ಬಾರದು

ಪಾಸ್‌ವರ್ಡಿಗೆ ಬದಲಾಗಿ ಬರುವ ಉದ್ದನೆಯ ಸಾಲನ್ನು ಕದ್ದವನು ಪಾಸ್‌ವರ್ಡನ್ನು ಕಂಡುಹಿಡಿಯಲಾರನೇ? ಈ ಪ್ರಶ್ನೆಗೆ ಉತ್ತರವು ಅಡುಗೆಮನೆಯಲ್ಲಿಯೇ ಇದೆ. ಅಕ್ಕಿಯನ್ನು ಬೀಸಿ ಹಿಟ್ಟು ಮಾಡಬಹುದು. ಹಿಟ್ಟನ್ನು ಮರಳಿ ಅಕ್ಕಿ ಮಾಡಲಾಗದು. ಪಾಸ್‌ವರ್ಡನ್ನು ಹೀಗೆ ಬೀಸುವ ಗಣಿತಕ್ರಮಗಳು ಹಲವಿವೆ. ಗ್ರಬ್ಬು ಬಳಸುವ ಕ್ರಮಕ್ಕೆ ಪಿ.ಬಿ.ಕೆ.ಡಿ.ಎಫ್.2 ಎಂದು ಹೆಸರು. 2000ದ ಸೆಪ್ಟೆಂಬರಿನಲ್ಲಿ ಇದರ ವಿವರಣೆಯು ಪ್ರಕಟವಾಯಿತು. ನಾವು ಪಾಸ್‌ವರ್ಡನ್ನು ಒತ್ತಿದಾಗ ಯಂತ್ರವು ಅದನ್ನು ಮತ್ತೆ ಬೀಸಿ, ಬಂದ ಹಿಟ್ಟು ಮೊದಲಿನ ಹಿಟ್ಟಿಗೆ ಸಮವೇ ಎಂದು ನೋಡುವುದು. ಆದುದರಿಂದ ಯಂತ್ರಕ್ಕೂ ಮೂಲ ಪಾಸ್‌ವರ್ಡನ್ನು ಬರೆದಿಟ್ಟುಕೊಳ್ಳುವ ಅಗತ್ಯವಿಲ್ಲ.

ಬೇರೆಯೇನೂ ಹೇಳದಿದ್ದರೆ ಗ್ರಬ್ಬಿನ ಕಾರ್ಯಕ್ರಮವು ಒಂದು ಸಲವಲ್ಲ, 10,000 ಸಲ ಬೀಸುವುದು. ನಿಜವಾದ ಒಡೆಯನಿಗೆ ಈ ವಿಳಂಬವು ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಲಕ್ಷಗಟ್ಟಲೆ ಪದಗಳನ್ನು ಒಂದೊಂದಾಗಿ ಊಹಿಸಿ ನೋಡುವವನಿಗೆ ಪ್ರತಿಯೊಂದು ಊಹೆಗೂ 10,000 ಸಲದ ದುಡಿಮೆಯು ತಗಲುವುದು. ಬೀಸುವ ಮುನ್ನ ಯಂತ್ರವು ತಾನಾಗಿ ಆರಿಸಿದ ಒಂದಿಷ್ಟು ಅಂಕಿಗಳನ್ನು ಬೆರೆಸುವುದು. ಇದಕ್ಕೆ ಶಾಸ್ತ್ರದಲ್ಲಿ 'ಉಪ್ಪು' ಎಂದೇ ಹೆಸರು. ಇಬ್ಬರು ಒಂದೇ ಪಾಸ್‌ವರ್ಡನ್ನು ಇಟ್ಟುಕೊಂಡರೂ ಉಪ್ಪು ಬೇರೆಯಾದುದರಿಂದ ಹಿಟ್ಟೂ ಬೇರೆಯಾಗುವುದು. 1962ರ ಮುದ್ರಿತ ಪಟ್ಟಿಯಿಂದ ಕಲಿತ ಪಾಠವು ಹೀಗೆ ಪಕ್ವವಾಯಿತು.

ಉಳಿದ ಬಾಗಿಲುಗಳು

ಬೂಟ್ ಮೆನುವಿಗೆ ಪಾಸ್‌ವರ್ಡು ಇಟ್ಟವನು ಮೆನುವಿನ ದಾರಿಯನ್ನು ಮುಚ್ಚಿದನು, ಅಷ್ಟೆ. ಮೆನುವನ್ನೇ ನೋಡದೆ ಒಳಗೆ ಹೋಗುವ ದಾರಿಗಳು ಇನ್ನೂ ಮೂರಿವೆ.

ಮೊದಲನೆಯದು, ಯು.ಎಸ್.ಬಿ. ಕಡ್ಡಿಯ ದಾರಿ. ಯಂತ್ರವು ಎಚ್ಚರಗೊಳ್ಳುವಾಗ ಎಫ್12, ಎಫ್9, ಎಸ್ಕೇಪ್ ಮುಂತಾದ ಗುಂಡಿಗಳಲ್ಲಿ ಒಂದನ್ನು ಒತ್ತಿದರೆ ಚಿಪ್ಪಿನಲ್ಲಿಯೇ ಇರುವ ಇನ್ನೊಂದು ಬೂಟ್ ಮೆನು ತೆರೆಯುವುದು. ಗುಂಡಿಯು ತಯಾರಕರನ್ನು ಅನುಸರಿಸಿ ಬೇರೆಯಾಗುವುದು. ಅಲ್ಲಿ ಹೊರಗಿನ ಕಡ್ಡಿಯನ್ನು ಆರಿಸಿದರೆ ಯಂತ್ರವು ಕಡ್ಡಿಯಲ್ಲಿರುವ ವ್ಯವಸ್ಥೆಯಿಂದ ಎದ್ದುನಿಲ್ಲುವುದು. ಗ್ರಬ್ಬಿನ ಕಾವಲು ಅರಿಯದೆಯೇ ಉಳಿಯುವುದು. ಇದನ್ನು ತಡೆಯಲು ಬಯೋಸ್ ಅಥವಾ ಯು.ಇ.ಎಫ್.ಐ. ವ್ಯವಸ್ಥೆಯಲ್ಲಿ ಮೇಲ್ವಿಚಾರಕರ ಪಾಸ್‌ವರ್ಡನ್ನು ಇಟ್ಟು, ಹೊರಗಿನ ಸಾಧನಗಳಿಂದ ಏಳುವುದನ್ನು ನಿಲ್ಲಿಸಬೇಕು. ವಿಂಡೋಸ್ ಮಾತ್ರ ಇರುವ ಯಂತ್ರಗಳಿಗೆ ಇದು ಇನ್ನೂ ಅಗತ್ಯ. ಏಕೆಂದರೆ ಗ್ರಬ್ಬಿನಲ್ಲಿರುವಂತೆ ಮೆನುವಿಗೇ ಪಾಸ್‌ವರ್ಡು ಇಡುವ ಏರ್ಪಾಡು ವಿಂಡೋಸಿನಲ್ಲಿ ಇಲ್ಲ.

ಎರಡನೆಯದು, ಪೆಟ್ಟಿಗೆಯ ದಾರಿ. ಹಳೆಯ ಮೇಜಿನ ಯಂತ್ರಗಳಲ್ಲಿ ಬಯೋಸ್ ಪಾಸ್‌ವರ್ಡನ್ನು ನಾಣ್ಯದಾಕಾರದ ಸಣ್ಣ ಬ್ಯಾಟರಿಯ ಬಲದಿಂದ ಉಳಿಯುವ ಸ್ಮೃತಿಯಲ್ಲಿ ಇಡುತ್ತಿದ್ದರು. ಪೆಟ್ಟಿಗೆಯನ್ನು ಬಿಚ್ಚಿ ಬ್ಯಾಟರಿಯನ್ನು ತೆಗೆದರೆ ಪಾಸ್‌ವರ್ಡು ಮರೆತುಹೋಗುತ್ತಿತ್ತು. ಆದುದರಿಂದ ಶಾಲೆಗಳಲ್ಲಿ ಪೆಟ್ಟಿಗೆಗೂ ಕೋಣೆಗೂ ಬೀಗವಿರಬೇಕು.

ಮೂರನೆಯದು, ಡಿಸ್ಕಿನ ದಾರಿ. ಡಿಸ್ಕನ್ನೇ ಕಳಚಿ ಬೇರೊಂದು ಯಂತ್ರಕ್ಕೆ ಜೋಡಿಸಿದರೆ, ಮೊದಲ ಯಂತ್ರದ ಮೆನು, ಅದರ ಪಾಸ್‌ವರ್ಡು ಯಾವುದೂ ಉಪಯೋಗಕ್ಕೆ ಬಾರದು. ಗೇಟನ್ನು ಬಿಟ್ಟು ಕಪಾಟನ್ನೇ ಹೊತ್ತುಕೊಂಡು ಹೋದಂತೆ. ಇದಕ್ಕೆ ಒಂದೇ ಮದ್ದು: ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಯಲ್ಲಿ ಬರೆದಿಡುವುದು. ಲಿನಕ್ಸಿನಲ್ಲಿ ಇದಕ್ಕೆ 'ಲಕ್ಸ್' ಎಂಬ ಕ್ರಮವೂ ವಿಂಡೋಸಿನಲ್ಲಿ 'ಬಿಟ್‌ಲಾಕರ್' ಎಂಬ ಕ್ರಮವೂ ಇವೆ. ಆಗ ಡಿಸ್ಕು ಕೈಸೇರಿದವನಿಗೆ ಕೀಲಿಯಿಲ್ಲದೆ ಓದು ಸಿಕ್ಕದು.

ಇಪ್ಪತ್ತೆಂಟು ಸಲ ಅಳಿಸಿದ ಕತೆ

ಕಾವಲುಗಾರನೇ ತೂಕಡಿಸಿದರೆ ಏನಾಗುವುದೆಂಬುದಕ್ಕೆ ಗ್ರಬ್ಬಿನ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. 2015ರ ಡಿಸೆಂಬರಿನಲ್ಲಿ ಸ್ಪೇನ್ ದೇಶದ ವೆಲೆನ್ಸಿಯಾ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಹೆಕ್ಟರ್ ಮಾರ್ಕೊ ಮತ್ತು ಇಸ್ಮಾಯೆಲ್ ರಿಪೋಲ್ ಎಂಬ ಇಬ್ಬರು ಸಂಶೋಧಕರು ಆಶ್ಚರ್ಯಕರವಾದ ಒಂದು ದೋಷವನ್ನು ಪ್ರಕಟಿಸಿದರು. ಗ್ರಬ್ಬು ಅಧಿಕಾರಿಯ ಹೆಸರನ್ನು ಕೇಳಿದಾಗ ಏನನ್ನೂ ಬರೆಯದೆ, ಅಕ್ಷರವನ್ನು ಅಳಿಸುವ ಬ್ಯಾಕ್‌ಸ್ಪೇಸ್ ಗುಂಡಿಯನ್ನು 28 ಸಲ ಒತ್ತಿದರೆ, ಅನೇಕ ಯಂತ್ರಗಳಲ್ಲಿ ಪಾಸ್‌ವರ್ಡು ಇಲ್ಲದೆಯೇ ಬಾಗಿಲು ತೆರೆಯುತ್ತಿತ್ತು! 1.98ನೆಯ ಆವೃತ್ತಿಯಿಂದಲೂ ಈ ದೋಷವು ಯಾರ ಕಣ್ಣಿಗೂ ಬೀಳದೆ ಉಳಿದಿತ್ತು.

ಕಾರಣವು ಬಹು ಸಣ್ಣದು. ಒಂದು ಅಕ್ಷರವನ್ನು ಅಳಿಸುವಾಗ ಕಾರ್ಯಕ್ರಮವು ಅಕ್ಷರಗಳ ಎಣಿಕೆಯಿಂದ ಒಂದನ್ನು ಕಳೆಯುವುದು. ಅಳಿಸಲು ಒಂದಾದರೂ ಅಕ್ಷರ ಉಂಟೇ ಎಂದು ಮೊದಲು ಕೇಳಿಕೊಳ್ಳಬೇಕಾಗಿತ್ತು. ಅದನ್ನು ಕೇಳುವ ಮಾತು ಬಿಟ್ಟುಹೋಗಿತ್ತು. ಸೊನ್ನೆಯಿಂದ ಒಂದನ್ನು ಕಳೆದರೆ ನಮ್ಮ ಗಣಿತದಲ್ಲಿ ಋಣ ಒಂದು. ಆದರೆ ಋಣಸಂಖ್ಯೆಯನ್ನು ಅರಿಯದ 32 ಬಿಟ್ಟುಗಳ ಎಣಿಕೆಯಲ್ಲಿ ಅದು 4,29,49,67,295 ಆಗಿಬಿಡುವುದು. ಹೀಗೆ ಲೆಕ್ಕ ತಪ್ಪಿದ ಕಾರ್ಯಕ್ರಮವು ತನಗೆ ಸಂಬಂಧವಿಲ್ಲದ ಸ್ಮೃತಿಯ ಮನೆಗಳಲ್ಲಿ ಸೊನ್ನೆಗಳನ್ನು ಬರೆಯತೊಡಗಿ, ಕೊನೆಗೆ ದಾರಿ ತಪ್ಪಿ, ದುರಸ್ತಿಗೆಂದು ಇಟ್ಟ ಬಾಗಿಲನ್ನು ತಾನೇ ತೆರೆದುಕೊಡುತ್ತಿತ್ತು. ಸಂಶೋಧಕರು ದೋಷದೊಡನೆ ಅದರ ಪರಿಹಾರವನ್ನೂ ಕೊಟ್ಟರು. ಬಿಟ್ಟುಹೋದ ಆ ಒಂದು ಪ್ರಶ್ನೆಯನ್ನು ಸೇರಿಸುವುದೇ ಪರಿಹಾರ. ಕೂಡಲೇ ಹೊಸ ಆವೃತ್ತಿಗಳು ಹೊರಬಂದವು.

ಇಲ್ಲಿ ಎರಡು ನೀತಿಗಳಿವೆ. ಯಂತ್ರದ ಕಾರ್ಯಕ್ರಮಗಳನ್ನು ಕಾಲಕಾಲಕ್ಕೆ ನವೀಕರಿಸದೆ ಇದ್ದರೆ, ಹಾಕಿದ ಬೀಗವೂ ತುಕ್ಕು ಹಿಡಿಯುವುದು. ಗಣಿತದ ತರಗತಿಯಲ್ಲಿ 'ಸೊನ್ನೆಯಾದರೆ ಏನು?' ಎಂದು ಕೇಳುವ ವಿದ್ಯಾರ್ಥಿಯನ್ನು ಯಾರೂ ನಗಬಾರದು. ಆ ಪ್ರಶ್ನೆಯನ್ನು ಕೇಳದೆ ಬಿಟ್ಟುದರಿಂದ ಆರು ವರ್ಷ ಲೋಕದ ಅಸಂಖ್ಯ ಯಂತ್ರಗಳ ಬಾಗಿಲು ಸಡಿಲವಾಗಿತ್ತು.

ಎಂತಹ ಪಾಸ್‌ವರ್ಡು? ಯಾರ ಕೈಯಲ್ಲಿ?

ಗ್ರಬ್ಬಿನ ಹಂತದಲ್ಲಿ ಯಂತ್ರವು ಇನ್ನೂ ಅರೆನಿದ್ರೆಯಲ್ಲಿರುವುದು. ಕನ್ನಡದ ಅಕ್ಷರಗಳನ್ನು ಒತ್ತುವ ಅನುಕೂಲವು ಅದಕ್ಕೆ ಆಗ ಇರುವುದಿಲ್ಲ. ಅಮೆರಿಕದ ಮಾದರಿಯ ಇಂಗ್ಲಿಷ್ ಕೀಲಿಮಣೆಯನ್ನೇ ಅದು ಸಾಮಾನ್ಯವಾಗಿ ಬಲ್ಲದು. ನಾವು ಒತ್ತುವ ಪಾಸ್‌ವರ್ಡು ಪರದೆಯ ಮೇಲೆ ಕಾಣಿಸುವುದೂ ಇಲ್ಲ. ಆದರೂ ನಮ್ಮ ನುಡಿಯು ಇಲ್ಲಿ ನೆರವಾಗಬಲ್ಲದು. ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಆರಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಸಾಲಾಗಿ ಬರೆದರೆ, ನೆನಪಿಡಲು ಸುಲಭವಾದ, ಊಹಿಸಲು ಕಷ್ಟವಾದ ಪಾಸ್‌ವರ್ಡು ಸಿದ್ಧವಾಗುವುದು. ಹಲಸು, ಕೊಡೆ, ಶನಿವಾರ, ಜೋಕಾಲಿ ಎಂಬಂತಹ ಪದಗಳು. ಇಲ್ಲಿ ಅಚ್ಚಾಗಿರುವ ಪದಗಳನ್ನೇ ಯಾರೂ ಇಟ್ಟುಕೊಳ್ಳಕೂಡದೆಂದು ಬೇರೆಯಾಗಿ ಹೇಳಬೇಕಾಗಿಲ್ಲ. ಹೆಸರು, ಹುಟ್ಟಿದ ದಿನ, ಶಾಲೆಯ ಹೆಸರು, ಮೊಬೈಲ್ ಸಂಖ್ಯೆಗಳು ಪಾಸ್‌ವರ್ಡಿಗೆ ತಕ್ಕವಲ್ಲ.

ಮರೆತ ಪಾಸ್‌ವರ್ಡಿನಿಂದಾಗುವ ನಷ್ಟವು ಕಳವಿನ ನಷ್ಟಕ್ಕಿಂತ ಕಡಿಮೆಯೇನಲ್ಲ. ಶಾಲೆಯಲ್ಲಾದರೆ ಅದನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿಟ್ಟು, ಮುದ್ರೆ ಹಾಕಿ, ಮುಖ್ಯಾಧ್ಯಾಪಕರ ಕಪಾಟಿನಲ್ಲಿ ಇಡುವುದು ಯೋಗ್ಯ. ಯಂತ್ರದ ಪರದೆಯ ಅಂಚಿಗೆ ಚೀಟಿಯನ್ನು ಅಂಟಿಸುವುದು ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಅದರಲ್ಲಿಯೇ ಬಿಟ್ಟುಹೋದಂತೆ.

ಬಲ್ಲವರ ಕರ್ತವ್ಯ

ಕಿಂಡಿ ಎಲ್ಲಿದೆಯೆಂದು ಅರಿತವನಿಗೆ ಎರಡು ದಾರಿಗಳಿವೆ: ಅದರಿಂದ ನುಸುಳುವುದು ಒಂದು, ಅದನ್ನು ಕಾಯುವುದು ಇನ್ನೊಂದು. ಇನ್ನೊಬ್ಬರ ಯಂತ್ರದೊಳಗೆ ಅನುಮತಿಯಿಲ್ಲದೆ, ದುರುದ್ದೇಶದಿಂದ ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೆಯ ಕಲಮಿನ ಪ್ರಕಾರ ಅಪರಾಧ. ಅದಕ್ಕೆ ಮೂರು ವರ್ಷಗಳವರೆಗೆ ಸೆರೆ, ಐದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದರೆ ಕಾಯಿದೆಯ ಭಯವೊಂದೇ ನಮ್ಮನ್ನು ತಡೆಯತಕ್ಕದ್ದಲ್ಲ. ಒಂದೇ ಯಂತ್ರವನ್ನು ಹಂಚಿಕೊಂಡವರು ಒಂದೇ ಮನೆಯಲ್ಲಿ ವಾಸಿಸುವವರಂತೆ. ಗೆಳತಿಯ ಟಿಪ್ಪಣಿಯು ತೆರೆದಿದ್ದರೂ ಓದದೆ ಮುಚ್ಚುವುದು ಪಾಸ್‌ವರ್ಡು ಕಲಿಸಲಾರದ ನಡತೆ. ಶಾಲೆಯ ಯಂತ್ರದಲ್ಲಿ ದೋಷವೊಂದು ಕಂಡರೆ, ಸ್ಪೇನಿನ ಆ ಸಂಶೋಧಕರಂತೆ, ಅದನ್ನು ಸರಿಪಡಿಸಬಲ್ಲವರಿಗೆ ತಿಳಿಸುವುದು ವಿದ್ಯಾರ್ಥಿಗೆ ಭೂಷಣ.

'ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು' ಎಂಬ ಗಾದೆಯನ್ನು ನಮ್ಮ ಹಿರಿಯರು ಅನುಭವದಿಂದಲೇ ಕಟ್ಟಿರಬೇಕು. ಗಣಕಯಂತ್ರದ ದಿಡ್ಡಿ ಬಾಗಿಲುಗಳು ಯಾವುವು, ಅವುಗಳಲ್ಲಿ ಯಾವ ಬೀಗವು ಯಾವ ದಾರಿಯನ್ನು ತಡೆಯುತ್ತದೆ ಎಂಬುದನ್ನು ಅರಿತು, ಸೂರೆಗೆ ಮೊದಲೇ ಅವುಗಳನ್ನು ಭದ್ರಪಡಿಸುವುದು ನಮ್ಮೆಲ್ಲರ ಕೆಲಸ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಸ್ವಿಚ್ಚನ್ನು ಒತ್ತಿದಂದಿನಿಂದ ಪ್ರವೇಶದ ಪುಟವು ಮೂಡುವವರೆಗೆ ಗಣಕಯಂತ್ರದಲ್ಲಿ ನಡೆಯುವ ಕ್ರಿಯೆಗಳನ್ನು ಅನುಕ್ರಮವಾಗಿ ಬರೆಯಿರಿ.
2. ಮೆನುವನ್ನು ತಿದ್ದಲು ಪಾಸ್‌ವರ್ಡು ಬೇಕು, ಯಂತ್ರವನ್ನು ಎಬ್ಬಿಸಲು ಬೇಡ. ಈ ಏರ್ಪಾಡು ಶಾಲೆಗೆ ಏಕೆ ಅನುಕೂಲ?
3. ಬೂಟ್ ಮೆನುವಿನ ಪಾಸ್‌ವರ್ಡು ತಡೆಯಲಾರದ ಮೂರು ದಾರಿಗಳನ್ನೂ ಒಂದೊಂದಕ್ಕೂ ಇರುವ ಉಪಾಯವನ್ನೂ ಹೇಳಿರಿ.
4. ನಿಮ್ಮ ಮನೆಯ ಅಥವಾ ಶಾಲೆಯ ಗಣಕಯಂತ್ರಕ್ಕೆ ಯಾವ ಯಾವ ಬಾಗಿಲುಗಳಲ್ಲಿ ಬೀಗವಿದೆ? ಹಿರಿಯರ ಅನುಮತಿಯನ್ನು ಪಡೆದು ಪರಿಶೀಲಿಸಿ, ಒಂದು ಪುಟಕ್ಕೆ ಮೀರದಂತೆ ಬರೆಯಿರಿ.